ನೀರು ಬಿಟ್ಟ ದಿನ ನಳದ ಹತ್ತಿರ ಗುಂಪು ಸೇರದ ಹಾಗೆ ಏನು ಮಾಡೋಣ?

ನಳದ ಎದುರು ಮನೆ – ಮಾರ್ಚ್ 23, 2020, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕೊರೊನಾ ಹರಡದಿರಲಿ ಅಂತ ನಿನ್ನೆ ಜನತಾ ಕರ್ಫ್ಯೂ ಮಾಡಿದ ದಿನ ನಮ್ಮ ಓಣಿಯವರು ಎಷ್ಟು ಚೆನ್ನಾಗಿ ನಡೆದುಕೊಂಡೆವು. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಒಬ್ಬರೂ ಆಚೆ ಬರಲಿಲ್ಲ, ಸಂಜೆ 5ಕ್ಕೆ ಚಪ್ಪಾಳೆ ತಟ್ಟಿದ್ದೂ ನಮ್ಮ ನಮ್ಮ ಬಾಗಿಲಲ್ಲೇ ನಿಂತು. ಇವತ್ತು ಸಂಜೆ ಒಂಬತ್ತು ದಿನದ ಮೇಲೆ ನೀರು ಬಿಟ್ಟರು. ಅರ್ಧ ಗಂಟೆಯಲ್ಲಿ ಬೀದಿ ನಳದ ಸುತ್ತ ನಲವತ್ತು ಜನ. ನಾನು ಕಿಟಕಿಯಿಂದ ಎಣಿಸಿದೆ. ಕೊಡಕ್ಕೆ ಕೊಡ ತಾಗಿಸಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಕೆಮ್ಮುತ್ತಿದ್ದ ಒಬ್ಬ ಅಜ್ಜಿ ಮಧ್ಯದಲ್ಲಿ, ಕಂಕುಳಲ್ಲಿ ಕೂಸು ಎತ್ತಿಕೊಂಡವರು ಪಕ್ಕದಲ್ಲಿ. ಆ ನಳದ ತಿರುವನ್ನು ಎಷ್ಟು ಕೈ ಮುಟ್ಟಿದವು ಅಂತ ಲೆಕ್ಕವೇ ಇಲ್ಲ.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಮನೆಗೆ ನಳ ಇಲ್ಲದ ಹದಿನೆಂಟು ಮನೆಯವರು ಇವತ್ತು ತುಂಬಿಕೊಳ್ಳದಿದ್ದರೆ ಇನ್ನು ಒಂಬತ್ತು ದಿನ ಏನು ಮಾಡಬೇಕು? ಕೈ ತೊಳೀರಿ, ಕೈ ತೊಳೀರಿ ಅಂತ ಎಲ್ಲರೂ ಹೇಳ್ತಾರೆ. ತೊಳೆಯೋಕೆ ನೀರು ಬೇಕಲ್ವಾ. ನೀರು ತರೋಕೆ ಹೋದ್ರೆ ಗುಂಪು.

ಗುಂಪಿಗೆ ಕಾರಣ ಏನು ಅಂತ ನಮಗೆಲ್ಲ ಗೊತ್ತಿದೆ. ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ. ವಾಲ್ ಬಿಟ್ಟ ಕೂಡಲೇ ಮನೆ ನಳ ಇರುವವರೆಲ್ಲ ಮೋಟಾರು ಹಚ್ಚುತ್ತೇವೆ. ನಾವೂ ಹಚ್ಚುತ್ತೇವೆ, ಅದನ್ನ ಮೊದಲೇ ಹೇಳಿಬಿಡ್ತೇನೆ. ಮೋಟಾರು ಲೈನಿನ ನೀರನ್ನೆಲ್ಲ ಸಂಪಿಗೆ ಎಳೆಯುತ್ತೆ, ಬೀದಿ ನಳದಲ್ಲಿ ಬೆರಳು ದಪ್ಪ ಧಾರೆ ಉಳಿಯುತ್ತೆ. ಇವತ್ತು ಒಂದು ಕೊಡ ತುಂಬೋಕೆ ಮೂರು ನಿಮಿಷಕ್ಕಿಂತ ಜಾಸ್ತಿ ಆಯಿತು. ಹದಿನೆಂಟು ಮನೆ, ಮನೆಗೆ ಎಂಟು ಹತ್ತು ಕೊಡ. ಬಿಡೋದೇ ಎರಡೂವರೆ ಗಂಟೆ. ಜನ ನುಗ್ಗದೆ ಇನ್ನೇನು ಮಾಡ್ತಾರೆ?

ಮುಂದಿನ ನೀರು ಏಪ್ರಿಲ್ 1ರ ಸುಮಾರಿಗೆ ಬರಬಹುದು. ಅಷ್ಟರೊಳಗೆ ಏನಾದರೂ ಒಂದು ತೀರ್ಮಾನ ಮಾಡೋಣ.

ಮೇಷ್ಟ್ರು, ಮೂಲೆ ಮನೆ – ರಾತ್ರಿ 10:52

ಅಮ್ಮಾ, ಸರಿಯಾಗಿ ಹೇಳಿದ್ದೀರಿ. ಕಲಬುರಗಿಯಲ್ಲಿ 76 ವರ್ಷದ ಹಿರಿಯರು ತೀರಿಕೊಂಡಿದ್ದು ಇದೇ 10ಕ್ಕೆ. ಈ ರೋಗಕ್ಕೆ ದೇಶದಲ್ಲೇ ಮೊದಲ ಸಾವು ಅದು. ನನಗೆ 71. ಆ ಸುದ್ದಿ ಓದಿದ ದಿನದಿಂದ ನಾನು ಸಂಜೆ ಕಟ್ಟೆಗೆ ಬರೋದು ನಿಲ್ಲಿಸಿದ್ದೇನೆ. ಮೂವತ್ತು ವರ್ಷದ ಅಭ್ಯಾಸ, ಕಾಲು ತಾನೇ ಆ ಕಡೆ ಹೋಗುತ್ತೆ. ಬೇಜಾರು ಮಾಡಿಕೊಂಡಿದ್ದಾನೆ ಅಂತ ಗೆಳೆಯರು ಯಾರೂ ತಿಳಿಯಬೇಡಿ.

ಆಟೋ ಅಣ್ಣ – ರಾತ್ರಿ 10:58

ಬಳ್ಳಾರಿ ಬಿಸಿಲಿಗೆ ಈ ವೈರಸ್ ಉಳಿಯಲ್ಲ ಅಂತ ಎಲ್ಲ ಗ್ರೂಪಲ್ಲೂ ಬರ್ತಾ ಇದೆ. ಇನ್ನು ಹದಿನೈದು ದಿನಕ್ಕೆ 40 ಡಿಗ್ರಿ ದಾಟುತ್ತೆ. ಇಷ್ಟೊಂದು ಹೆದರಬೇಕಾ?

ನರ್ಸ್ ಅಕ್ಕ, ಕೊನೆ ಮನೆ – ರಾತ್ರಿ 11:30

ಈಗ ಡ್ಯೂಟಿ ಮುಗಿಸಿ ಬಂದೆ. ಅಣ್ಣಾ, ಆ ಮೆಸೇಜ್ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ವೈರಸ್ ಬೆಳೆಯೋದು ಮನುಷ್ಯರ ಮೈಯೊಳಗೆ. ಆಚೆ 40 ಇರಲಿ 20 ಇರಲಿ, ಮೈ ಒಳಗೆ 37 ಡಿಗ್ರಿಯೇ ಇರುತ್ತೆ. ಒಬ್ಬರು ಕೆಮ್ಮಿದರೆ ಹನಿ ಪಕ್ಕದವರ ಮುಖಕ್ಕೆ ಬೀಳೋಕೆ ಒಂದು ಕ್ಷಣ ಸಾಕು, ಅಷ್ಟರಲ್ಲಿ ಬಿಸಿಲು ಏನು ಮಾಡುತ್ತೆ? ಬಿಸಿಲಲ್ಲಿ ನಿಂತರೆ ಈ ರೋಗ ತಡೆಯಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ನೀರಿನ ವಿಷಯಕ್ಕೆ ಬರ್ತೇನೆ. ಕೈ ತೊಳೆಯೋಕೆ ಕೊಡಗಟ್ಟಲೆ ನೀರು ಬೇಡ. ಈ ವೈರಸ್ಸಿನ ಮೇಲೆ ಜಿಡ್ಡಿನ ಪದರ ಇದೆ, ಸೋಪು ಅದನ್ನ ಒಡೆಯುತ್ತೆ. ಎಣ್ಣೆ ಬಾಣಲೆ ಬರೀ ನೀರಿಗೆ ಹೋಗಲ್ಲ, ಸೋಪು ಹಾಕಿ ತಿಕ್ಕಿದರೆ ಹೋಗುತ್ತೆ, ಅಲ್ವಾ. ಕೆಲಸ ಮಾಡೋದು ಸೋಪು ಮತ್ತು ತಿಕ್ಕೋದು. ಕೈ ಒದ್ದೆ ಮಾಡಿ, ನೀರು ನಿಲ್ಲಿಸಿ, 20 ಸೆಕೆಂಡ್ ತಿಕ್ಕಿ. ಬೆರಳ ಸಂದಿ, ಉಗುರು, ಹೆಬ್ಬೆರಳು, ಅಂಗೈ ಹಿಂಭಾಗ. ಆಮೇಲೆ ಲೋಟದಿಂದ ಹುಯ್ದುಕೊಂಡರೆ ಆಯಿತು. ನಮ್ಮ ಮನೆಯಲ್ಲಿ ಒಂದು ಚೊಂಬು ನೀರಲ್ಲಿ ಮೂವರು ತೊಳೆಯುತ್ತೇವೆ, ಕೆಳಗೆ ಬುಟ್ಟಿ ಇಟ್ಟು ಆ ನೀರನ್ನ ಪಾಯಖಾನೆಗೆ ಹಾಕುತ್ತೇವೆ. ದುಬಾರಿ ಹ್ಯಾಂಡ್‌ವಾಶ್ ಬೇಡ, ಯಾವ ಸೋಪಾದರೂ ನಡೆಯುತ್ತೆ. ಸ್ಯಾನಿಟೈಸರ್ ಕೊಳ್ಳೋದಾದರೆ 200 ಎಂಎಲ್‌ಗೆ 100 ರೂಪಾಯಿಗಿಂತ ಜಾಸ್ತಿ ಕೊಡಬೇಡಿ, ಸರ್ಕಾರವೇ ಬೆಲೆ ಕಟ್ಟಿದೆ.

ಮಾಳಿಗೆ ಮನೆ ಹುಡುಗ – ರಾತ್ರಿ 11:34

ಆಂಟಿ, ಇವತ್ತು ನನ್ನ ಸೆಕೆಂಡ್ ಪಿಯುಸಿ ಇಂಗ್ಲಿಷ್ ಪರೀಕ್ಷೆ ಇತ್ತು, ಮುಂದಕ್ಕೆ ಹಾಕಿದ್ದಾರೆ. ಸುಮ್ನೆ ಕೂತಿದ್ದೇನೆ. ನಳದ ಹತ್ತಿರ ಸುಣ್ಣದಲ್ಲಿ ವೃತ್ತ ಹಾಕೋ ಕೆಲಸ ನನಗೆ ಕೊಡಿ.

ಎರಡು ಅಂತಸ್ತಿನ ಮನೆ – ಮಾರ್ಚ್ 24, ಬೆಳಿಗ್ಗೆ 7:15

ಮೋಟಾರು ಹಚ್ಚಬೇಡಿ ಅಂದ್ರೆ ಹೇಗೆ? ನಮ್ಮ ಮನೆಯಲ್ಲಿ ಬಾಡಿಗೆದಾರರು ಸೇರಿ ಹನ್ನೊಂದು ಜನ. ನೀರಿನ ಬಿಲ್ಲು ನಾವೂ ಕಟ್ಟುತ್ತೇವೆ. ನಮ್ಮ ಬೋರಿನ ನೀರು ಸವಳು, ಬಾಯಿಗೆ ಹಾಕೋಕಾಗಲ್ಲ.

ನಳದ ಎದುರು ಮನೆ – ಬೆಳಿಗ್ಗೆ 7:40

ಅಣ್ಣಾ, ಹಚ್ಚಲೇಬೇಡಿ ಅಂತ ಅಲ್ಲ. ಮೊದಲ ಒಂದು ಗಂಟೆ ಬಿಟ್ಟುಕೊಡೋಣ. ಆಮೇಲೆ ಒಂದೂವರೆ ಗಂಟೆ ಇರುತ್ತಲ್ಲ, ನಿಮ್ಮ ಸಂಪು ತುಂಬುತ್ತೆ. ತುಂಬದಿದ್ದರೆ ಟ್ಯಾಂಕರ್ ತರಿಸೋಣ, ನಮ್ಮ ಮನೆಯಿಂದಲೂ ದುಡ್ಡು ಹಾಕ್ತೇನೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನೂ ಆ ಸಾಲಲ್ಲೇ ನಿಂತಿದ್ದಳು, ನಾನು ನೋಡಿದೆ. ಅವಳಿಗೆ ಅಲ್ಲಿ ರೋಗ ತಗುಲಿದರೆ ಅದು ನಿಮ್ಮ ಅಡುಗೆಮನೆಗೂ ಬರುತ್ತೆ.

ನರ್ಸ್ ಅಕ್ಕ, ಕೊನೆ ಮನೆ – ಬೆಳಿಗ್ಗೆ 7:52

ಇನ್ನೊಂದು ದಾರಿ ಇದೆ. ಒಂದೇ ನಳ ಇರೋದಕ್ಕೇ ಒಂದೇ ಗುಂಪು ಆಗ್ತಿದೆ. ಮನೆ ನಳ ಇರುವವರು ಐದು ಜನ ಗೇಟಿನ ಆಚೆಗೆ ಪೈಪು ಬಿಟ್ಟರೆ ಆರು ಕಡೆ ನೀರು ಸಿಗುತ್ತೆ. ಒಂದೊಂದು ಕಡೆ ಮೂರು ಮನೆ ಬಂದರೆ ಸಾಕು, ಸಾಲೇ ಇರಲ್ಲ. ನಮ್ಮ ಮನೆ ಪೈಪು ಬಿಡ್ತೇನೆ.

ಮೇಷ್ಟ್ರು, ಮೂಲೆ ಮನೆ – ಬೆಳಿಗ್ಗೆ 7:58

ನಮ್ಮದೂ.

ಕಿರಾಣಿ ಅಂಗಡಿ – ರಾತ್ರಿ 9:05

ಎಂಟು ಗಂಟೆಗೆ ಟಿವಿಯಲ್ಲಿ ಪ್ರಧಾನಿ ಹೇಳಿದ್ದು ಎಲ್ಲರೂ ಕೇಳಿದಿರಿ. ಇವತ್ತು ಮಧ್ಯರಾತ್ರಿಯಿಂದ 21 ದಿನ ಲಾಕ್‌ಡೌನ್, ಏಪ್ರಿಲ್ 14ರವರೆಗೆ. ಈಗ ಅಂಗಡಿ ಮುಂದೆ ಅರವತ್ತು ಜನ ಇದ್ದಾರೆ, ಷಟರ್ ಅರ್ಧ ಇಳಿಸಿ ಬರೀತಿದ್ದೇನೆ. ದಯವಿಟ್ಟು ಮನೆಗೆ ಹೋಗಿ. ದಿನಸಿ, ಹಾಲು, ತರಕಾರಿ, ಔಷಧಿ ಅಂಗಡಿ ಮುಚ್ಚಲ್ಲ. ನನ್ನ ಹತ್ತಿರ ಅಕ್ಕಿ, ಜೋಳ, ಬೇಳೆ ಇದೆ. ನಾಳೆಯಿಂದ ಚೀಟಿ ಬರೆದು ಫೋಟೋ ಕಳಿಸಿ, ಕಟ್ಟಿಟ್ಟು ಫೋನ್ ಮಾಡ್ತೇನೆ, ಒಬ್ಬರೇ ಬಂದು ಮೆಟ್ಟಿಲ ಮೇಲಿಂದ ತಗೊಂಡು ಹೋಗಿ. ಕೈಯಲ್ಲಿ ಕಾಸಿಲ್ಲದವರಿಗೆ ಉದ್ರಿ ಬರೆದುಕೊಳ್ತೇನೆ. ಒಬ್ಬರೇ ಐವತ್ತು ಕೆಜಿ ಕೇಳಿದರೆ ಮಾತ್ರ ಕೊಡಲ್ಲ.

ಬೇವಿನಮರದ ಮನೆ – ಮಾರ್ಚ್ 25, ಬೆಳಿಗ್ಗೆ 6:50

ಯುಗಾದಿ ಹಬ್ಬದ ಶುಭಾಶಯ. ಪ್ರತಿವರ್ಷ ಓಣಿಯವರೆಲ್ಲ ನಮ್ಮ ಮನೆಗೆ ಬಂದು ಬೇವು ಕುಡಿದು ಅತ್ತೆಯವರಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದಿರಿ. ಈ ಸಲ ಬರಬೇಡಿ ಅಂತ ಹೇಳೋಕೆ ನನಗೇ ಕಷ್ಟ ಆಗ್ತಿದೆ, ಆದರೂ ಹೇಳ್ತಿದ್ದೇನೆ. ಅತ್ತೆಗೆ 86, ಸಕ್ಕರೆ ಕಾಯಿಲೆ ಬೇರೆ. ಮರದ ತುದಿ ಹೂವು ಕಿತ್ತು ಕಾಂಪೌಂಡ್ ಮೇಲೆ ಗೊಂಚಲು ಗೊಂಚಲಾಗಿ ಇಟ್ಟಿದ್ದೇನೆ, ಒಬ್ಬೊಬ್ಬರೇ ಬಂದು ತಗೊಂಡು ಹೋಗಿ.

ಅತ್ತೆ ಬೆಳಿಗ್ಗೆಯಿಂದ ತಮ್ಮ ಅವ್ವ ಹೇಳುತ್ತಿದ್ದ ಪ್ಲೇಗಿನ ಮಾತು ಹೇಳ್ತಿದ್ದಾರೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಬಾಗಿಲಿಗೆ ಮುಳ್ಳು ಹಚ್ಚಿ ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ, ತಿಂಗಳುಗಟ್ಟಲೆ. ಒಬ್ಬರ ಗುಡಿಸಲಿಗೆ ಒಬ್ಬರು ಹೋಗುತ್ತಿರಲಿಲ್ಲವಂತೆ, ಬುತ್ತಿ ಮಾತ್ರ ದೂರದಲ್ಲಿ ಕಲ್ಲಿನ ಮೇಲೆ ಇಟ್ಟು ಕೂಗಿ ಹೇಳಿ ಬರುತ್ತಿದ್ದರಂತೆ. ಕಾಂಪೌಂಡ್ ಮೇಲೆ ಬೇವು ಇಡೋ ಉಪಾಯ ಅವರದೇ.

ಮಾಳಿಗೆ ಮನೆ ಹುಡುಗ – ಸಂಜೆ 7:05

ಚಂದ್ರ ಕಾಣ್ತಿದ್ದಾನೆ! ಪಶ್ಚಿಮಕ್ಕೆ, ತುಂಬ ತೆಳ್ಳಗೆ, ಕೆಳಗೆ ಇದ್ದಾನೆ. ಅದರ ಮೇಲೆ ಜೋರಾಗಿ ಹೊಳೀತಿರೋದು ಶುಕ್ರ. ಎಲ್ಲರೂ ನಿಮ್ಮ ನಿಮ್ಮ ಮಾಳಿಗೆಗೇ ಹತ್ತಿ ಬೇಗ ನೋಡಿ.

ಬೇವಿನಮರದ ಮನೆ – ಸಂಜೆ 7:20

ಅತ್ತೆಯನ್ನ ಕುರ್ಚಿ ಸಮೇತ ಎತ್ತಿ ಮಾಳಿಗೆಗೆ ಹತ್ತಿಸಿದೆವು. ಸುತ್ತಲೂ ನಿಮ್ಮನ್ನೆಲ್ಲ ನೋಡಿ ಕೈ ಎತ್ತಿದರಲ್ಲ, ಆಶೀರ್ವಾದ ಮಾಡಿದ್ದು ಅದು.

ಆಟೋ ಅಣ್ಣ – ಮಾರ್ಚ್ 27, ಬೆಳಿಗ್ಗೆ 8:30

ಒಂದು ವಿಷಯ ನೇರ ಕೇಳ್ತೇನೆ. ಹಿಂದಿನ ಸಾಲಿನ ಮನೆಯ ಹುಡುಗ 21ಕ್ಕೆ ಬೆಂಗಳೂರಿನಿಂದ ಬಂದಿದ್ದಾನೆ. ಅವರ ಮನೆಯವರು ನೀರಿಗೆ ಬರಬಾರದು ಅಂತ ನಳದ ಹತ್ತಿರ ಕೆಲವರು ಮಾತಾಡ್ತಿದ್ದಾರೆ. ಏನು ಮಾಡೋದು?

ಹಿಂದಿನ ಸಾಲು, ಮನೆ 9 – ಬೆಳಿಗ್ಗೆ 8:47

ಅದು ನನ್ನ ಮಗ. ಜ್ವರ ಇಲ್ಲ, ಕೆಮ್ಮು ಇಲ್ಲ. ಆದರೂ ಆಶಾ ಕಾರ್ಯಕರ್ತೆ ಹೇಳಿದ ಹಾಗೆ 14 ದಿನ ಒಳಗಿನ ಕೋಣೆಯಲ್ಲೇ ಇದ್ದಾನೆ. ತಟ್ಟೆ ಲೋಟ ಬೇರೆ. ನಾನು ಬಾಗಿಲ ಹತ್ತಿರ ಊಟ ಇಟ್ಟು ಬರ್ತೇನೆ. ಕೆಲಸ ಹೋಯಿತು ಅಂತ ಊರಿಗೆ ಬಂದ ಮಗುವನ್ನ ಎಲ್ಲಿಗೆ ಕಳಿಸಲಿ? ಮೊನ್ನೆ ತರಕಾರಿಗೆ ಹೋದಾಗ ಒಬ್ಬರು ನನ್ನ ನೋಡಿ ಬಾಗಿಲು ಹಾಕಿಕೊಂಡರು. ಇಪ್ಪತ್ತೆರಡು ವರ್ಷದಿಂದ ಇದೇ ಓಣಿಯಲ್ಲಿದ್ದೇನೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಎರಡು ದಿನದ ನೀರಿದೆ.

ನಳದ ಎದುರು ಮನೆ – ಬೆಳಿಗ್ಗೆ 9:02

ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಸಂಪಿನಲ್ಲಿ ನೀರಿದೆ. ಇವತ್ತೇ ಕೊಡಗಳನ್ನ ಗೇಟಿನ ಆಚೆ ಇಡಿ, ನಾನೂ ನಮ್ಮವರೂ ತುಂಬಿಸಿ ಇಟ್ಟು ಹೋಗ್ತೇವೆ. 4ನೇ ತಾರೀಕಿಗೆ 14 ದಿನ ಮುಗಿಯುತ್ತೆ. ಅಲ್ಲಿವರೆಗೆ ನೀವು ನಳಕ್ಕೂ ಬರಬೇಡಿ, ಅಂಗಡಿಗೂ ಹೋಗಬೇಡಿ, ಏನು ಬೇಕೋ ನನಗೆ ಹೇಳಿ. ಮಗ ಬೆಂಗಳೂರಿನಿಂದ ಬಂದಿದ್ದನ್ನ ಮುಚ್ಚಿಡದೆ ಹೇಳಿದ್ದೀರಿ. ಹೇಳಿದವರ ಬಾಗಿಲಿಗೇ ಹೀಗೆ ಮಾಡಿದರೆ ನಾಳೆ ಜ್ವರ ಬಂದವರು ಯಾರಾದರೂ ಹೇಳ್ತಾರಾ? ಎಲ್ಲರೂ ಮುಚ್ಚಿಡ್ತಾರೆ. ಆಗ ರೋಗ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ.

ನರ್ಸ್ ಅಕ್ಕ, ಕೊನೆ ಮನೆ – ಬೆಳಿಗ್ಗೆ 9:10

ಹೌದು. ಕೊಡ ತುಂಬಿಸಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆದರೆ ಭಯವೇ ಇಲ್ಲ. ಹುಡುಗನಿಗೆ ಜ್ವರ, ಒಣ ಕೆಮ್ಮು, ಉಸಿರಾಟದ ತೊಂದರೆ ಯಾವುದು ಕಂಡರೂ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಅಕ್ಕಾ, ನನಗೂ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಆಟೋ ಅಣ್ಣ – ಬೆಳಿಗ್ಗೆ 9:25

ಸರಿ ಅಕ್ಕಾ. ನಳದ ಹತ್ತಿರ ಮಾತಾಡುವವರಿಗೆ ನಾನು ಹೇಳ್ತೇನೆ.

ಜೀನ್ಸ್ ಹೊಲಿಗೆ ಮನೆ – ಮಾರ್ಚ್ 29, ಮಧ್ಯಾಹ್ನ 1:15

ನಮ್ಮ ಕಡೆಯ ಐದು ಮನೆಗೆ ಪ್ಯಾಂಟು ಹೊಲಿಯೋದೇ ಅನ್ನ. ಪೀಸಿನ ಲೆಕ್ಕ, ಹೊಲಿದಷ್ಟು ದುಡ್ಡು. ಒಂದು ವಾರದಿಂದ ಬಟ್ಟೆ ಬಂದಿಲ್ಲ. ಯಾರ ಮನೆಯಲ್ಲಾದರೂ ಹೊಲಿಗೆ ಕೆಲಸ ಇದ್ದರೆ ಹೇಳಿ. ಸುಮ್ನೆ ಕೊಡೋದು ಬೇಡ.

ಎರಡು ಅಂತಸ್ತಿನ ಮನೆ – ಮಾರ್ಚ್ 31, ರಾತ್ರಿ 8:20

ನಾಳೆ ನೀರು ಬಿಟ್ಟರೆ ಮೊದಲ ಗಂಟೆ ನಾವು ಮೋಟಾರು ಹಚ್ಚಲ್ಲ. ಗೇಟಿನ ಆಚೆ ಪೈಪೂ ಬಿಡ್ತೇವೆ. ಪಾತ್ರೆ ತೊಳೆಯುವ ಅಕ್ಕನಿಗೆ ತಿಂಗಳು ಪೂರ್ತಿ ಸಂಬಳ ಕೊಟ್ಟು ಮನೆಯಲ್ಲಿರಮ್ಮ ಅಂತ ಹೇಳಿದ್ದೇವೆ. ಉಳಿದವರೂ ಹಾಗೇ ಮಾಡಿ.

ನಳದ ಎದುರು ಮನೆ – ಏಪ್ರಿಲ್ 1, ರಾತ್ರಿ 9:30

ಇವತ್ತು ಹೇಗಾಯಿತು ಅಂತ ಬರೀತೇನೆ. ಸಂಜೆ 5:50ಕ್ಕೆ ವಾಲ್ ಬಿಟ್ಟರು. ಆರು ಕಡೆ ನೀರು. ಒಂದು ಕೊಡ ತುಂಬೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಹದಿನೆಂಟು ಮನೆಯದೂ 6:45ಕ್ಕೆ ಮುಗಿದಿತ್ತು, ಆಮೇಲೆ ಮೋಟಾರು ಹಚ್ಚಿದರು. ಬೀದಿ ನಳದ ಹತ್ತಿರ ಒಂದು ಹೊತ್ತಲ್ಲಿ ನಾಲ್ಕು ಜನಕ್ಕಿಂತ ಜಾಸ್ತಿ ಇರಲಿಲ್ಲ, ನಾಲ್ವರೂ ಸುಣ್ಣದ ವೃತ್ತದಲ್ಲಿ. ಈರುಳ್ಳಿ ಬರುವ ಕೆಂಪು ಜಾಲರಿ ಚೀಲ ಇರುತ್ತಲ್ಲ, ಅದರಲ್ಲಿ ಸೋಪು ಹಾಕಿ ನಳಕ್ಕೆ ಕಟ್ಟಿದ್ದೆ. ಜಾಲರಿ ಸಮೇತ ಉಜ್ಜಿಕೊಂಡರೆ ನೊರೆ ಚೆನ್ನಾಗಿ ಬರುತ್ತೆ, ಸೋಪು ಕೆಳಗೆ ಬಿದ್ದು ಮಣ್ಣಾಗಲ್ಲ. ಮಕ್ಕಳು ಇಪ್ಪತ್ತರವರೆಗೆ ಜೋರಾಗಿ ಎಣಿಸಿ ತೊಳೆದರು.

ಒಂದು ತಪ್ಪು ಆಯಿತು. ಕೊನೆಯ ಗುಡಿಸಲಿನಲ್ಲಿ ಒಬ್ಬರೇ ಇರುವ ಅಜ್ಜಿಗೆ ಫೋನಿಲ್ಲ, ಯಾವ ಗೇಟಿಗೆ ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ. ಖಾಲಿ ಕೊಡ ಹಿಡಿದು ಅತ್ತಿತ್ತ ನೋಡ್ತಾ ನಿಂತಿದ್ದರು. ಮುಂದಿನ ಸಲದಿಂದ ಅವರ ಎರಡು ಕೊಡ ನಾನೇ ತುಂಬಿಸಿ ಇಟ್ಟು ಬರ್ತೇನೆ. ಫೋನಿಲ್ಲದವರು ಇನ್ನೂ ಯಾರಿದ್ದಾರೆ ಅಂತ ಪಕ್ಕದ ಮನೆಯವರು ತಿಳಿಸಿ.

ನರ್ಸ್ ಅಕ್ಕ, ಕೊನೆ ಮನೆ – ಏಪ್ರಿಲ್ 4, ಸಂಜೆ 6:10

ಹೊರಗೆ ಹೋಗುವಾಗ ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕ್ ಹಾಕಿಕೊಳ್ಳಿ ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಹೊಲಿಗೆ ಮನೆಯ ಅಕ್ಕಾ, ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಕಾಟನ್ ಬಟ್ಟೆ ನಿಮ್ಮ ಹತ್ತಿರ ಉಳಿದಿದೆಯಾ? ಎರಡು ಪದರ ಹಾಕಿ ಹೊಲಿದರೆ ಸಾಕು. ಮನೆಗೆ ನಾಲ್ಕರಂತೆ ಎಲ್ಲರೂ ತಗೊಳ್ಳೋಣ, ಒಂದಕ್ಕೆ 15 ರೂಪಾಯಿ. ದಿನಾ ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಬೇಕು.

ಜೀನ್ಸ್ ಹೊಲಿಗೆ ಮನೆ – ಸಂಜೆ 6:25

ಜೇಬಿನ ಬಟ್ಟೆ ಒಂದು ಥಾನು ಇದೆ ಅಕ್ಕಾ. ಇವತ್ತು ರಾತ್ರಿಯೇ ಐದೂ ಮನೆಯವರು ಶುರು ಮಾಡ್ತೇವೆ. ಮೊದಲ ಎರಡು ಗುಡಿಸಲಿನ ಅಜ್ಜಿಗೆ, ಅದಕ್ಕೆ ದುಡ್ಡು ಬೇಡ.

ಹಿಂದಿನ ಸಾಲು, ಮನೆ 9 – ಸಂಜೆ 7:00

ಇವತ್ತಿಗೆ 14 ದಿನ ಮುಗಿಯಿತು. ಮಗ ಚೆನ್ನಾಗಿದ್ದಾನೆ. ಮುಂದಿನ ಸಲ ನೀರಿಗೆ ನಾನೇ ಬರ್ತೇನೆ.

ನಳದ ಎದುರು ಮನೆ – ಏಪ್ರಿಲ್ 10, ಸಂಜೆ 5:35

ವಾಲ್ ಬಿಟ್ಟರು. ಮೋಟಾರು 6:35ರ ಮೇಲೆ. ನೀರು ಕೆಂಪಗೆ ಬರ್ತಿದೆ, ಮೊದಲ ಎರಡು ಕೊಡ ಕುಡಿಯೋಕೆ ಇಟ್ಟುಕೊಳ್ಳಬೇಡಿ, ಬಟ್ಟೆ ಒಗೆಯೋಕೆ ಇಡಿ. ಸೋಪು ಮುಗಿದಿದೆ, ಬರುವವರು ಯಾರಾದರೂ ಒಂದು ತುಂಡು ತನ್ನಿ.