ಅಪ್‌ಡೇಟ್: ಸ್ವಿಚ್‌ನ ಮ್ಯಾನೇಜ್‌ಮೆಂಟ್ ಐಪಿ ಈಗ ಎಲ್ಲ ಕಡೆಯಿಂದಲೂ ಸಿಗುತ್ತಿದೆ

ನಾನು ಕೇಳಿದ್ದು ಇದು: ಕಚೇರಿಯ ನೆಟ್‌ವರ್ಕ್ ಸ್ವಿಚ್‌ನ ಮ್ಯಾನೇಜ್‌ಮೆಂಟ್ ಐಪಿಗೆ (ಅದನ್ನು ನಿರ್ವಹಿಸಲು ಬಳಸುವ ವಿಳಾಸ) ಅದೇ ವಿಲ್ಯಾನ್‌ನ (ನೆಟ್‌ವರ್ಕ್‌ನ ಪ್ರತ್ಯೇಕ ವಿಭಾಗ) ಲ್ಯಾಪ್‌ಟಾಪ್‌ನಿಂದ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಒಳಹೋಗುವ ವಿಧಾನ) ಕೂಡ ತೆರೆಯುತ್ತದೆ, ಬೇರೆ ಸಬ್‌ನೆಟ್‌ನಿಂದ (ಬೇರೆ ವಿಳಾಸ ಗುಂಪಿನಿಂದ) ಮಾತ್ರ ಉತ್ತರವೇ ಇಲ್ಲ. ಸಮಸ್ಯೆ ಬಗೆಹರಿದಿದೆ.

ಡಿಫಾಲ್ಟ್ ಗೇಟ್‌ವೇ (ಬೇರೆ ನೆಟ್‌ವರ್ಕ್‌ಗಳಿಗೆ ಹೋಗಲು ಬಳಸುವ ದಾರಿಯ ವಿಳಾಸ) ನೋಡಿ ಎಂದು ಹಲವರು ಹೇಳಿದ್ದಿರಿ. ಅದು ಇತ್ತು, ವಿಳಾಸವೂ ಸರಿಯಾಗಿತ್ತು. ಆದರೆ ಸ್ವಿಚ್‌ಗೆ ನೇರವಾಗಿ ಕನ್ಸೋಲ್ ಕೇಬಲ್ ಹಾಕಿ, 9600 ಬಾಡ್ ವೇಗದಲ್ಲಿ ಒಳಹೊಕ್ಕು, ದಾರಿಗಳ ಪಟ್ಟಿ ತೋರಿಸುವ ‘ಶೋ ಐಪಿ ರೂಟ್’ ಆದೇಶ ಕೊಟ್ಟಾಗ ಮೊದಲ ಸಾಲುಗಳಲ್ಲೇ ‘ಗೇಟ್‌ವೇ ಆಫ್ ಲಾಸ್ಟ್ ರಿಸಾರ್ಟ್ ಈಸ್ ನಾಟ್ ಸೆಟ್’ ಎಂದಿತ್ತು, ಅಂದರೆ ಹೊರಹೋಗುವ ಡಿಫಾಲ್ಟ್ ದಾರಿಯೇ ಇರಲಿಲ್ಲ. ಗುಟ್ಟು ಅಲ್ಲೇ ಇತ್ತು. ಇದು ಲೇಯರ್-3 ಸ್ವಿಚ್, ಅಂದರೆ ನೆಟ್‌ವರ್ಕ್‌ಗಳ ನಡುವೆ ದಾರಿ ತೋರಿಸುವ ಕೆಲಸವನ್ನೂ (ರೂಟಿಂಗ್) ಮಾಡಬಲ್ಲದು. ‘ಐಪಿ ರೂಟಿಂಗ್’ ಚಾಲನೆಯಲ್ಲಿದ್ದರೆ ‘ಐಪಿ ಡಿಫಾಲ್ಟ್-ಗೇಟ್‌ವೇ’ ಸಾಲನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾನ್ಫಿಗರೇಶನ್‌ನಲ್ಲಿ ಸಾಲು ಸುಮ್ಮನೆ ಕುಳಿತಿರುತ್ತದೆ. ನನ್ನ ಪಿಂಗ್ ಸ್ವಿಚ್‌ವರೆಗೂ ತಲುಪುತ್ತಿತ್ತು, ಉತ್ತರಕ್ಕೆ ಮರಳುವ ದಾರಿ ಇರಲಿಲ್ಲ. ‘ಐಪಿ ರೂಟ್ 0.0.0.0 0.0.0.0’ (ಬೇರೆ ದಾರಿ ಇಲ್ಲದ ಎಲ್ಲ ವಿಳಾಸಗಳಿಗೂ ಅನ್ವಯಿಸುವ ದಾರಿ) ಎಂದು ಬರೆದು, ಮುಂದೆ ಗೇಟ್‌ವೇ ವಿಳಾಸ ಕೊಟ್ಟ ಕೂಡಲೇ ಉತ್ತರಗಳು ಬರತೊಡಗಿದವು.

ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ಮೇಲೆ ಅನುಮಾನಪಟ್ಟವರಿಗೆ: ಅದರಲ್ಲಿ ತೊಂದರೆ ಇರಲಿಲ್ಲ.

ಇನ್ನೊಂದು ತೊಡಕು ಆಮೇಲೆ ಎದುರಾಯಿತು. ಹೊಸ ಲ್ಯಾಪ್‌ಟಾಪ್‌ನ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ತಂತ್ರಾಂಶ) ಈ ಹಳೆಯ ಸ್ವಿಚ್‌ನ ಎಸ್‌ಎಚ್‌ಎ-1 (ಈಗ ದುರ್ಬಲವೆನಿಸಿದ ಹಳೆಯ ಭದ್ರತಾ ವಿಧಾನ) ಕೀಲಿ ವಿನಿಮಯವನ್ನು ಒಪ್ಪಲಿಲ್ಲ. ಆ ಒಂದು ವಿಳಾಸಕ್ಕಷ್ಟೇ ವಿನಾಯಿತಿ ಬರೆದಿದ್ದೇನೆ. ಎಲ್ಲದಕ್ಕೂ ಸಡಿಲಿಸುವುದು ಖಂಡಿತ ಬೇಡ. ಫರ್ಮ್‌ವೇರ್ ನವೀಕರಿಸಿದ ಮೇಲೆ ಅದನ್ನೂ ತೆಗೆಯುತ್ತೇನೆ. ಕನ್ಸೋಲ್‌ನಿಂದಲೇ ನೋಡಿ ಎಂದು ಪಟ್ಟುಹಿಡಿದವರಿಗೆ ಮನಃಪೂರ್ವಕ ಧನ್ಯವಾದಗಳು.