ಹ್ಯಾಲೋವೀನ್ ಪೋರ್ಚ್ ಅಲಂಕಾರ: ಹಾಲಿನ ಜಗ್, ಥರ್ಮೋಕೋಲ್, ಹಳೇ ಪಂಚೆ – ಮಳೆಗಾಳಿಗೆ ನಿಲ್ಲುವಂತೆ ಮಾಡೋದು ಹೇಗೆ?

ಮಲ್ಲಿಗೆಬಳ್ಳಿ, ನ್ಯೂಜೆರ್ಸಿ

ನಮಸ್ಕಾರ. ಅಕ್ಟೋಬರ್ 31ರ ಹ್ಯಾಲೋವೀನ್‌ಗೆ (ಮಕ್ಕಳು ದೆವ್ವ-ಭೂತದ ವೇಷ ಹಾಕಿ ಮನೆಮನೆಗೆ ಬರುವ ಹಬ್ಬ) ಮನೆ ಮುಂದಿನ ಪೋರ್ಚನ್ನು ಬಿಸಾಡುವ ಸಾಮಾನಿನಿಂದಲೇ ಸಿಂಗರಿಸಬೇಕು. ಪೋರ್ಚ್ 10 ಅಡಿ ಉದ್ದ, 6 ಅಡಿ ಅಗಲ. ಮೇಲೆ ಮಾಡು ಇದೆ, ಆದರೆ ಎದುರಿನಿಂದ ಇರಚಲು ಹೊಡೆಯುತ್ತದೆ. ಮೂರು ಮೆಟ್ಟಿಲು, ಅದರಾಚೆ ಸ್ವಲ್ಪ ಹುಲ್ಲು.

ಕೈಲಿರೋದು: ಒಂದು ಗ್ಯಾಲನ್ನಿನ ಹಾಲಿನ ಜಗ್ 8, ಟಿವಿ ಪೆಟ್ಟಿಗೆಯ ಥರ್ಮೋಕೋಲ್ ಹಾಳೆಗಳು (1 ಇಂಚು ದಪ್ಪ), ರಟ್ಟಿನ ಪೆಟ್ಟಿಗೆ ಬೇಕಾದಷ್ಟು, ಬೀನ್ಸ್ ಮತ್ತು ಟೊಮೆಟೊ ಡಬ್ಬಿ, ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡ, ಎರಡು ಹಳೇ ಪಂಚೆ.

ಎರಡು ವಾರ ಹೊರಗೇ ಇರಬೇಕು. ರಟ್ಟಿನ ಗೋರಿಕಲ್ಲು ಒಂದೇ ಮಳೆಗೆ ಬಾಗಿಹೋಗುತ್ತದೆ, ಥರ್ಮೋಕೋಲ್‌ಗೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಗುಳಿ ಬೀಳುತ್ತದೆ. ಯಾವುದರಿಂದ ಏನು ಮಾಡಿದರೆ ಬಾಳುತ್ತದೆ?

ಗರಗಸ

ಮೊದಲು ಜಾಗ ಹಂಚಿಕೊಳ್ಳಿ ಮೇಡಂ. ಗೋಡೆಗೆ ಒತ್ತಿದ ಎರಡು ಮೂರು ಅಡಿಯಷ್ಟೇ ಒಣಗಿರುತ್ತದೆ. ರಟ್ಟು ಏನಿದ್ದರೂ ಅಲ್ಲಿಗೆ ಮಾತ್ರ. ರಟ್ಟಿನ ಮೈಗೆ ಎಷ್ಟು ಬಣ್ಣ ಬಳಿದರೂ ಕತ್ತರಿಸಿದ ಅಂಚಿನ ಸಂದುಗಳಿಂದ ನೀರು ಏರುತ್ತದೆ, ಮೆತ್ತಗಾಗೋದು ಅಲ್ಲಿಂದಲೇ. ಇರಚಲಿಗೂ ಹುಲ್ಲಿಗೂ ಜಗ್, ಡಬ್ಬಿ, ಥರ್ಮೋಕೋಲ್.

ಥರ್ಮೋಕೋಲನ್ನು ತಿನ್ನೋದು ಬಣ್ಣವಲ್ಲ, ಸ್ಪ್ರೇ ಡಬ್ಬಿಯೊಳಗಿನ ದ್ರಾವಕ. ಗೋಡೆಗೆ ಹಚ್ಚುವ, ನೀರು ಬೆರೆಯುವ ಲೇಟೆಕ್ಸ್ ಬಣ್ಣ ತೊಗೊಳ್ಳಿ. ಯಾರೋ ಕಲಸಿಸಿ ಬೇಡವೆಂದು ಬಿಟ್ಟುಹೋದ ಡಬ್ಬಿಗಳು ಪೇಂಟ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಯಾವ ಬೂದು ಬಣ್ಣವಾದರೂ ನಡೆಯುತ್ತದೆ.

ಗೋರಿಕಲ್ಲಿಗೆ 24 ಇಂಚು ಎತ್ತರ, 16 ಇಂಚು ಅಗಲದ ಎರಡು ಹಾಳೆ ಬೇಕು. ಹಲ್ಲಿರುವ ಬ್ರೆಡ್ ಚಾಕು ಬೇಡ, ಕಾಳು ಕಾಳಾಗಿ ಉದುರಿ ಮನೆಯೆಲ್ಲ ಅಂಟುತ್ತದೆ. ಹೊಸ ಬ್ಲೇಡಿನ ಕಟರ್‌ನಲ್ಲಿ ಒಂದೇ ಗೆರೆಯ ಮೇಲೆ ಮೂರು ನಾಲ್ಕು ಸಲ ಎಳೆಯಿರಿ, ಅದನ್ನೂ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡು ಮಾಡಿ.

ಅಂಟಿಸುವ ಮುಂಚೆ ಒಂದು ಹಾಳೆಯ ಒಳಮೈಯಲ್ಲಿ ಎರಡು ಕಾಲುವೆ ಕೊರೆದು, ಅರ್ಧ ಇಂಚು ದಪ್ಪ, 24 ಇಂಚು ಉದ್ದದ ಮರದ ಕೋಲುಗಳನ್ನು ಕೂರಿಸಿ. 10 ಇಂಚು ಒಳಗೆ, 14 ಇಂಚು ಹೊರಗೆ. ಗಾಳಿಗೆ ಕಲ್ಲು ಹಾರದಂತೆ ಹಿಡಿಯೋದು ಇದೊಂದೇ. ಬಿಳಿ ಅಂಟು ಎರಡು ಹಾಳೆಗಳ ನಡುವೆ ಗಾಳಿ ಸಿಗದೆ ದಿನಗಟ್ಟಲೆ ಹಸಿಯಾಗೇ ಉಳಿಯುತ್ತದೆ, ಹಾಟ್ ಗ್ಲೂ ಬಿಸಿ ಹೆಚ್ಚಾದರೆ ತೂತು ಕೊರೆಯುತ್ತದೆ. ಥರ್ಮೋಕೋಲ್‌ಗೆ ಆಗುತ್ತದೆ ಎಂದು ಟ್ಯೂಬಿನ ಮೇಲೇ ಬರೆದಿರುವ ಕನ್‌ಸ್ಟ್ರಕ್ಷನ್ ಅಂಟು ಹಾಕಿ, ರಾತ್ರಿಯಿಡೀ ಪುಸ್ತಕದ ಭಾರ ಹೇರಿ. ನೆಡುವಾಗ ಕಲ್ಲನ್ನು ಒತ್ತಬೇಡಿ, ಮುರಿಯುತ್ತದೆ. ಕಬ್ಬಿಣದ ಸರಳಿನಿಂದ ಮಣ್ಣಲ್ಲಿ ಮೊದಲೇ ತೂತು ಮಾಡಿ ಕೋಲು ಇಳಿಸಿ.

ಅಕ್ಷರ ಅರ್ಧ ಇಂಚು ಆಳ ಕೊರೆದು, ಗೀರಿನೊಳಗೆ ಮೊದಲು ಕಪ್ಪು ತುಂಬಿ. ಆಮೇಲೆ ಬೂದು ಬಣ್ಣವನ್ನು ಬ್ರಷ್‌ನಲ್ಲಲ್ಲ, ಹಿಂಡಿದ ಸ್ಪಂಜಿನಲ್ಲಿ ತಟ್ಟಿ. ಬ್ರಷ್ ಆದರೆ ಗೀರಿಗೂ ಇಳಿದು ಅಕ್ಷರ ಮುಚ್ಚಿಹೋಗುತ್ತದೆ. ಬೂದು ಬಣ್ಣಕ್ಕೆ ಒಂದು ಹಿಡಿ ಮರಳು ಬೆರೆಸಿದರೆ ಕಲ್ಲಿನ ತರಿ ಬರುತ್ತದೆ. ಕೊನೆಗೆ ಒಂದು ಪಾಲು ಕಪ್ಪಿಗೆ ನಾಲ್ಕು ಪಾಲು ನೀರು ಸೇರಿಸಿ ಮೇಲಂಚಿನಿಂದ ಇಳಿಯಬಿಡಿ. ಹಳೇ ಕಲ್ಲಿನ ಮಳೆಕಲೆ ಥೇಟ್ ಹಾಗೇ ಕಾಣುತ್ತದೆ. ಬುಡಕ್ಕೆ ಮಣ್ಣಿನ ಹಾಗೆ ಮೆತ್ತಲು ಸೋಸಿದ ಟೀ ಪುಡಿ ಚೆನ್ನ, ಪೂರ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಖಡಕ್‌ರೊಟ್ಟಿ

ಜಗ್ಗಿಂದು ನಾ ಹೇಳ್ತೀನ್ರಿ. ಮೊದಲ ಬಿಸಿನೀರು, ಅಡಿಗಿ ಸೋಡಾ ಹಾಕಿ ತೊಳದು, ಮುಚ್ಚಳ ತಗದು ಎರಡು ದಿನ ಬೋರಲ ಇಡ್ರಿ. ಇಲ್ಲಾಂದ್ರ ದೀಪದ ಕಾವಿಗೆ ಹುಳಿ ವಾಸನಿ ಬರತದ. ಮಾರಿ ಬರಿಯಾಕ ಕರೀ ಪರ್ಮನೆಂಟ್ ಮಾರ್ಕರ್ ಸಾಕು. ಅಕ್ರಿಲಿಕ್ ಬಣ್ಣ ಹಚ್ಚಬ್ಯಾಡ್ರಿ, ಈ ಪ್ಲಾಸ್ಟಿಕ್ ಬಣ್ಣ ಹಿಡಿಯೂದಿಲ್ಲ, ಸಿಪ್ಪಿಯಂಗ ಏಳತದ. ಜಗ್ಗಿಗೆ ಅಂಟಿದ ಕಾಗದ ಬಿಡಿಸಾಕ ಎಣ್ಣಿ ಹಚ್ಚಿ ಹತ್ತು ನಿಮಿಷ ಬಿಡ್ರಿ.

ಹಿಂದಿನ ಬದಿ, ತಳದಿಂದ ಎರಡು ಇಂಚು ಮ್ಯಾಲೆ, ಎರಡು ಇಂಚಿನ ಕಿಂಡಿ ಕೊರೀರಿ. ಮೂರು ಬದಿ ಅಷ್ಟ ಕೊಯ್ದು ನಾಲ್ಕನೇದು ಹಂಗ ಬಿಟ್ರ ಅದs ಬಾಗಿಲಾಗ್ತದ, ಮಳಿ ಒಳಗ ಬರೂದಿಲ್ಲ. ತಳಕ್ಕ ಒಂದೂವರಿ ಕಪ್ ಬೆಣಚುಕಲ್ಲು ಹಾಕ್ರಿ. ಮರಳು ಬ್ಯಾಡ, ಹಸಿ ಆದ್ರ ಬ್ಯಾಗನ ಒಣಗೂದಿಲ್ಲ. 100 ಎಲ್ಇಡಿ ಇರೋ ಒಂದು ಸರ ತಗೊಂಡು ಜಗ್ಗಿಗೆ 12ರಂಗ ತುರುಕಿದ್ರ ನಿಮ್ಮ ಎಂಟೂ ಜಗ್ಗಿಗೆ ಬರೋಬ್ಬರಿ. ಮೆಟ್ಟಿಲ ಎರಡೂ ಬದಿ ಸಾಲಾಗಿ ಇಡ್ರಿ, ನಡುವ ಹುಡುಗ್ರು ಹಾಯಾಕ ಮೂರು ಅಡಿ ಖಾಲಿ ಇರಲಿ.

ತಗಡಿನ ಡಬ್ಬಿಗೆ ಹಂಗs ಮೊಳಿ ಹೊಡದ್ರ ನುಗ್ಗಾಗ್ತದ. ಮ್ಯಾಲೆ ಒಂದು ಇಂಚು ಬಿಟ್ಟು ನೀರು ತುಂಬಿ ಒಂದು ರಾತ್ರಿ ಫ್ರೀಜರಿನಾಗ ಇಡ್ರಿ. ಒಳಗ ಬರ್ಫ ಇದ್ರ ಡಬ್ಬಿ ಮೈ ಒಳಗ ಹೋಗೂದಿಲ್ಲ. ದಪ್ಪ ಟವೆಲ್ ಮ್ಯಾಲೆ ಮಲಗಿಸಿ, ಅರ್ಧ ಇಂಚಿಗೊಂದು ತೂತು ಹೊಡೀರಿ. ತಳ ಉಬ್ಬಿದ್ರ ಬರ್ಫ ಕರಗಿದ ಮ್ಯಾಲೆ ಸುತ್ತಿಗಿಲೆ ತಟ್ಟಿದ್ರ ಸರಿ ಆಗತದ. ತಗಡಿಗೆ ಸ್ಪ್ರೇ ಪೇಂಟ್ ನಡೀತದ.

ಅಟ್ಟದಮೇಲೆ

ಕಪ್ಪು ಕುಂಡ ನೋಡಿದರೆ ನಮ್ಮ ಹೊಲದ ಬೆದರುಬೊಂಬೆಯ ತಲೆಯೇ. ಬೋರಲು ಹಾಕಿ ಬಿಳಿ ಚುಕ್ಕೆ, ಗಿರಿಜಾ ಮೀಸೆ, ಅಗಲ ಕಣ್ಣು ಬರೆಯಿರಿ. ಇದಕ್ಕೂ ಬಣ್ಣ ಕೂರುವುದಿಲ್ಲವಾದ್ದರಿಂದ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಸೋಪು ನೀರಲ್ಲಿ ತೊಳೆದು, ಒಣಗಿಸಿ ಆಮೇಲೆ ಬಳಿಯಿರಿ. ಮೈಗೆ ಹಳೇ ಅಂಗಿಯೊಳಗೆ ಒಣ ಎಲೆ ತುಂಬಿದ ಕಸದ ಚೀಲ. ಎಲೆ ಹಸಿಯಿದ್ದರೆ ವಾರದಲ್ಲಿ ಕೊಳೆತು ಕುಸಿಯುತ್ತದೆ.

ಪಂಚೆಯಿಂದ ದೆವ್ವ ಮಾಡುವಾಗ ಎಲ್ಲರೂ ಅಂಟುನೀರಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ, ಮಾಡಬೇಡಿ. ಮಕ್ಕಳು ಬಳಸುವ ಬಿಳಿ ಅಂಟು ಇರಚಲಿಗೆ ಮತ್ತೆ ಕರಗಿ ಜೋಲುತ್ತದೆ. ತೆಳು ಪಂಚೆ ಗಾಳಿಗೆ ಆಡುವುದೇ ಚೆಂದ. ಪ್ಲಾಸ್ಟಿಕ್ ಚೀಲಗಳ ಉಂಡೆ ತಲೆ, ಕುತ್ತಿಗೆಗೆ ದಾರ, ಮೀನುಗಾಳದ ನೈಲಾನ್ ದಾರದಲ್ಲಿ ನೇತು. ಸೊಂಟದಿಂದ ಕೆಳಗೆ ಮೂರು ಇಂಚಿನ ಪಟ್ಟಿಗಳಾಗಿ ಹರಿಯಿರಿ, ಇಲ್ಲದಿದ್ದರೆ ಹಾಯಿಯ ಹಾಗೆ ಗಾಳಿ ತುಂಬಿ ಕೊಕ್ಕೆಯನ್ನೇ ಕೀಳುತ್ತದೆ. ಪೋರ್ಚ್ ಬಲ್ಬಿನಿಂದ ದೂರ, ಮಕ್ಕಳು ನಡೆಯುವ ದಾರಿಯಿಂದ ಆಚೆ ಕಟ್ಟಿ.

ಅಂಗಡಿಯ ಹತ್ತಿಯಂಥ ಜೇಡರಬಲೆಯನ್ನು ಹೊರಗೆ ಎಳೆಯಲೇಬೇಡಿ. ಆ ಸಣ್ಣ ಎಳೆಗಳಿಗೆ ಹಕ್ಕಿ, ಬಾವಲಿ ಸಿಕ್ಕಿ ಸಾಯುತ್ತವೆ. ದಪ್ಪ ಹಗ್ಗದಲ್ಲಿ ಅಗಲ ಕಣ್ಣಿನ ಬಲೆ ಹೆಣೆದರೆ ದೂರಕ್ಕೂ ಕಾಣುತ್ತದೆ.

ಗೋರಿಕಲ್ಲಿನ ಮೇಲೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದರೆ: ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವಕ್ಕೆಂದು ಬರೆದ ಮಾತು. ಮೂರೇ ಅಕ್ಷರ, ಕೊರೆಯುವುದೂ ಸುಲಭ. ಳ, ಬ ಎರಡರ ಒಳ ಉರುಟು ಕಿತ್ತುಬರದಂತೆ ಅಕ್ಷರ ಐದು ಇಂಚಿಗಿಂತ ಚಿಕ್ಕದು ಬೇಡ.

ಮಲ್ಲಿಗೆಬಳ್ಳಿ, ನ್ಯೂಜೆರ್ಸಿ

ಎಲ್ಲರಿಗೂ ಧನ್ಯವಾದ, ‘ನಾಳೆ ಬಾ’ ಖಂಡಿತ ಬರೆಯುತ್ತೇನೆ. ಎರಡು ಸಂದೇಹ. ಲೇಟೆಕ್ಸ್ ಬಣ್ಣ ಬಳಿದು ಎರಡು ದಿನವಾದರೂ ಉಗುರಿಗೆ ಬರುತ್ತಿದೆ, ಬಳಿದದ್ದು ರಾತ್ರಿ ಗ್ಯಾರೇಜಿನಲ್ಲಿ. ಇನ್ನು ಡಬ್ಬಿಗಳೊಳಗೆ ಬ್ಯಾಟರಿಯ ಟೀ ಲೈಟ್ ಇಡಬಹುದೇ?

ಗರಗಸ

ಚಳಿ ಕಾರಣ. ಸಾಮಾನ್ಯ ಲೇಟೆಕ್ಸ್ ಬಣ್ಣಕ್ಕೆ 10 ಡಿಗ್ರಿ ಸೆಲ್ಸಿಯಸ್, ಅಂದರೆ 50 ಫ್ಯಾರನ್‌ಹೀಟ್‌ಗಿಂತ ಮೇಲಿದ್ದರೆ ಮಾತ್ರ ಪೊರೆ ಕಟ್ಟುತ್ತದೆ. ಅದಕ್ಕಿಂತ ಕೆಳಗೆ ನೀರು ಆರುತ್ತದೆ, ಬಣ್ಣ ಪುಡಿಯಾಗೇ ಉಳಿಯುತ್ತದೆ. ಸಡಿಲವಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮನೆಯೊಳಗೆ ಕಿಟಕಿ ತೆರೆದು ಮತ್ತೆರಡು ತೆಳು ಕೋಟ್ ಕೊಡಿ, ಒಂದು ದಿನ ಒಳಗೇ ಇರಲಿ.

ಟೀ ಲೈಟ್‌ನ ಬಿಲ್ಲೆ ಬ್ಯಾಟರಿ ಚಳಿಗೆ ಬೇಗ ಮಂಕಾಗುತ್ತದೆ. ಅದಕ್ಕಿಂತ ಮುಖ್ಯ, ಸಣ್ಣ ಮಗು ಅದನ್ನು ನುಂಗಿದರೆ ಗಂಟಲೊಳಗೇ ಸುಡುತ್ತದೆ. ಇಡುವುದಾದರೆ ಸ್ಕ್ರೂ ಹಾಕಿ ಮುಚ್ಚುವ ನಮೂನೆಯದೇ ಇಡಿ. ಮೇಣದಬತ್ತಿ ಬೇಡವೇ ಬೇಡ, ಮಕ್ಕಳ ಉದ್ದ ವೇಷದ ಬಟ್ಟೆ ಥಟ್ಟನೆ ಹೊತ್ತಿಕೊಳ್ಳುತ್ತದೆ.

ಜಗ್ಗಿನ ಸರವನ್ನು ಹೊರಗಿನ ಜಿಎಫ್‌ಸಿಐ ಪ್ಲಗ್ಗಿಗೇ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಪ್ಲಗ್) ಹಾಕಿ, ಬಾಗಿಲ ಸಂದಿನಿಂದ ಒಳಗಿನ ವೈರ್ ಎಳೆಯಬೇಡಿ. ಎರಡು ವೈರ್ ಕೂಡುವ ಜಾಗ ನೆಲಕ್ಕೆ ತಾಗದಂತೆ ಒಂದು ಇಟ್ಟಿಗೆಯ ಮೇಲಿರಲಿ.