ಕೋಡಿ ನೀರು ನುಗ್ಗಿದ ಮನೆ: ಮಾರೋದಾ, ಬಾಡಿಗೆಗೆ ಬಿಡೋದಾ?

ಪ್ರಶ್ನೆ: ಸರ್, ಚಿಕ್ಕಬಳ್ಳಾಪುರದಲ್ಲಿ ಕೆರೆ ಕೆಳಗಿನ ಬಡಾವಣೆಯಲ್ಲಿ ನಮ್ಮದು 30-40 ಸೈಟಿನ ಎರಡಂತಸ್ತಿನ ಮನೆ. 2021ರ ನವೆಂಬರ್ ಮಳೆಗೆ ಕೆಳಮನೆಗೆ ಮೊಣಕಾಲುದ್ದ ನೀರು ಬಂತು. ಆಗ ಬಾಡಿಗೆಯವರು ಖಾಲಿ ಮಾಡಿದ್ದೇ ಕೊನೆ, ಅಲ್ಲಿಂದ ಯಾರೂ ವರ್ಷ ತುಂಬೋವರೆಗೂ ನಿಲ್ಲುತ್ತಿಲ್ಲ. ಮಾರೋಣ ಅಂದರೆ ಬ್ರೋಕರ್ ಕಾಲುಭಾಗ ಕಡಿಮೆ ಹೇಳ್ತಾನೆ. ನ್ಯಾಯಾನಾ?

ಉತ್ತರ (ಆಸ್ತಿ ಮೌಲ್ಯಮಾಪಕ): ನೀರು ಯಾಕೆ ಬಂತು ಅನ್ನೋದರ ಮೇಲಿದೆ. ಚರಂಡಿ ಕಟ್ಟಿಕೊಂಡು ಬಂದಿದ್ದರೆ, ಹೂಳು ತೆಗೆಸಿ ಎರಡು ಮಳೆಗಾಲ ನೆಟ್ಟಗೆ ಕಳೆದರೆ ಜನ ಮರೀತಾರೆ, ಬೆಲೆಯೂ ಚೇತರಿಸಿಕೊಳ್ಳುತ್ತೆ. ಮನೆಯೇ ಕೋಡಿ ಕಾಲುವೆ ದಾರೀಲಿದ್ದರೆ ಮರೆಯೋಕೆ ನೀರೇ ಬಿಡಲ್ಲ.

ನಮ್ಮ ಕಡೆ ಕೆರೆಗಳು ವರ್ಷಗಟ್ಟಲೆ ಒಣಗಿದ್ದವು. ಕಾಲುವೆ ಇತ್ತು ಅನ್ನೋದನ್ನೇ ಮರೆತು ಸೈಟು ಹಾಕಿದರು. (ಅಂಥದೊಂದು ನಾನೂ ತಗೊಳ್ಳೋಕೆ ಹೋಗಿ ಅಪ್ಪನ ಹತ್ತಿರ ಬೈಸಿಕೊಂಡಿದ್ದೆ.) ಈಗ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಿಟ್ಟ ಕೆರೆಗಳಲ್ಲಿ ಮಳೆಗೆ ಮೊದಲೇ ನೀರಿರುತ್ತೆ, ಜೋರು ಮಳೆ ಹಿಡಿದರೆ ಬೇಗ ಕೋಡಿ ಬೀಳುತ್ತೆ. ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕಲ್ಲಿ ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆನೂ ತೆಗೆಸಿ. ಪಕ್ಕದಲ್ಲೇ ಹಳ್ಳ ಇದ್ದರೆ ಬ್ರೋಕರ್ ಹೇಳಿದ್ದು ಜಾಸ್ತಿಯೇನಲ್ಲ. ಸೈಟೇ ಖರಾಬಿನೊಳಗೆ (ಹಳ್ಳ, ಕಾಲುವೆಗೆ ಅಂತ ದಾಖಲೆಯಲ್ಲಿ ಬಿಟ್ಟ ಜಾಗ) ಬಂದಿದ್ದರೆ ಬ್ಯಾಂಕ್ ಸಾಲ ಸಿಗೋದೇ ಕಷ್ಟ, ಬೆಲೆ ಮಾತು ಆಮೇಲೆ.

ಇನ್ನೊಂದು: ನೀರು ಬಂತು ಅಂತ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ತಾನಾಗಿ ಇಳಿಯಲ್ಲ. ಅದಕ್ಕಿಂತ ಕಮ್ಮಿಗೆ ಮಾರಿದರೂ ಸ್ಟಾಂಪ್ ಡ್ಯೂಟಿ ಅದರ ಮೇಲೇ. ಕೊಳ್ಳೋನು ಆ ದುಡ್ಡನ್ನೂ ನಿಮ್ಮ ಬೆಲೆಯಲ್ಲೇ ಮುರ್ಕೊಳ್ತಾನೆ. ನೀರು ಬಂದದ್ದು ಮಾತ್ರ ಮುಚ್ಚಿಡಬೇಡಿ. ಗಮನಕ್ಕೆ ಬಾರದ ದೊಡ್ಡ ದೋಷ ಮಾರುವವರೇ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂನಲ್ಲಿದೆ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಾವು ಇಂಥದೇ ಒಂದು ಕೆಳಮನೆಗೆ ಲೀಸ್ ದುಡ್ಡು ಕೊಟ್ಟಿದ್ದೀವಿ. ನೀರು ಬಂದರೆ ವಾಪಸ್ ಕೇಳಬಹುದಾ?

ಉತ್ತರ: ಪ್ರವಾಹದಿಂದ ಮನೆ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ ಗುತ್ತಿಗೆ ಮುರಿಯೋ ಹಕ್ಕು ಬಾಡಿಗೆದಾರರಿಗೆ ಇದೆ, ಅದೇ ಕಾಯ್ದೆಯ 108ನೇ ಕಲಂ. ಎರಡು ದಿನ ನಿಂತ ನೀರು ಆ ಲೆಕ್ಕಕ್ಕೆ ಬರಲ್ಲಮ್ಮ. ಮುಂದಿನ ಕರಾರಿನಲ್ಲಿ ‘ನೀರು ನುಗ್ಗಿದರೆ ಒಂದು ತಿಂಗಳಲ್ಲಿ ಹಣ ವಾಪಸ್’ ಅಂತ ಬರೆಸಿಕೊಳ್ಳಿ.

ಮೊದಲು ಕೇಳಿದವರು: ಸರಿ ಸರ್. ಮಾರೋವರೆಗೆ ಕೆಳಮನೆ ಏನ್ ಮಾಡ್ಲಿ?

ಉತ್ತರ: ಅಂಗಡಿಯವರಿಗೆ ಗೋಡೌನಿಗೆ ಅಂತ ಕೊಡಬೇಡಿ, ಸರಕು ನೆನೆದರೆ ಜಗಳ ನಿಮ್ಮ ತಲೆಗೆ. ಗಾಡಿ ನಿಲ್ಲಿಸೋಕೆ ಬಿಟ್ಟು ಮೇಲ್ಮನೆ ಬಾಡಿಗೆಗೆ ಕೊಡಿ. ಗೋಡೆ ಪೂರ್ತಿ ಒಣಗೋ ಮೊದಲು ಬಣ್ಣ ಹೊಡೆಸಬೇಡಿ, ಉಪ್ಪು ಬಿಡುತ್ತೆ. ಮನೆ ನೋಡೋಕೆ ಬಂದವರು ಮೊದಲು ನೋಡೋದೇ ಅದನ್ನ.